ಅಬ್ಬಕ್ಕನ ಕಾಲದ ಹುಡುಗಿಗೆ ಕತ್ತಿಗಿಂತ ಮೊದಲು ನೀರಿನ ಲೆಕ್ಕ ಕೊಡಿ

1555ರಲ್ಲಿ ಪೋರ್ಚುಗೀಸರ ವಿರುದ್ಧ ಕಾದಿದ ಉಳ್ಳಾಲದ ರಾಣಿ ಅಬ್ಬಕ್ಕನ ಬಗ್ಗೆ ಮಕ್ಕಳಿಗೆ ಸಾಹಸ ಕಾದಂಬರಿ ಬರೆಯಹೊರಟವರಲ್ಲಿ ಒಂದು ಬಿನ್ನಹ: ರಾಣಿಯನ್ನೇ ಕಥಾನಾಯಕಿ ಮಾಡಬೇಡಿ. ರಾಣಿ ಬಾಯಿ ತೆರೆದರೆ ಭಾಷಣವೇ ಬರುತ್ತದೆ; ಅವಳು ತಪ್ಪು ಮಾಡಲು ನಾವು ಬಿಡುವುದಿಲ್ಲ. ನೇತ್ರಾವತಿಯ ಅಳಿವೆಯಲ್ಲಿ ಬೆಳೆದ ಹನ್ನೆರಡರ, ಮೀನುಗಾರ ಮೊಗವೀರ ಸಮುದಾಯದ ಹುಡುಗಿಯೊಬ್ಬಳು ಸಾಕು. ರಾಣಿ ಮೂರ್ನಾಲ್ಕು ಸಲ ಕಾಣಿಸಲಿ.

ಆ ಹುಡುಗಿಗೆ ಕಡಲಿನ ಲೆಕ್ಕ ಗೊತ್ತಿರಲಿ. ನೀರು ದಿನಕ್ಕೆರಡು ಸಲ ಏರಿ ಇಳಿಯುತ್ತದೆ. ಇವತ್ತಿನ ಉಬ್ಬರ ನಾಳೆ ಸುಮಾರು 50 ನಿಮಿಷ ತಡ. ಅಳಿವೆಯ ಮರಳದಿಬ್ಬಕ್ಕೆ ದೊಡ್ಡ ಹಡಗು ಯಾವ ಹೊತ್ತಿಗೆ ತಳ ತಾಗಿ ಕೂರುತ್ತದೆ, ತೆಂಗಿನ ಹುರಿಯಿಂದ ಹಲಗೆ ಹೊಲಿದ ಸಣ್ಣ ದೋಣಿ ಎಲ್ಲಿ ನುಸುಳುತ್ತದೆ ಎಂಬುದು ಅವಳ ಬಲ. ಪೋರ್ಚುಗೀಸರ ಕೋವಿಗೆ ಉರಿಯುವ ಬತ್ತಿ ಬೇಕು. ಮಳೆಗೆ ಬತ್ತಿ ನಂದುತ್ತದೆ, ಮದ್ದು ತೊಯ್ಯುತ್ತದೆ. ಒಣಹವೆಯಲ್ಲೂ ಒಮ್ಮೆ ಹಾರಿಸಿ ಮತ್ತೆ ತುಂಬಲು ಅರ್ಧ ನಿಮಿಷವಾದರೂ ಬೇಕು. ಆ ಅರ್ಧ ನಿಮಿಷದಲ್ಲಿ ಒಂದಿಡೀ ಅಧ್ಯಾಯವಿದೆ! ಆದರೆ ಆಟಿ ತಿಂಗಳ (ಜುಲೈ–ಆಗಸ್ಟ್) ಮಳೆಯಲ್ಲಿ ಹಡಗು ತಂದರೆ ಕರಾವಳಿಯ ಮಕ್ಕಳೇ ಪುಸ್ತಕ ಮುಚ್ಚುತ್ತಾರೆ. ಆಗ ಕಡಲಿಗೆ ಯಾರೂ ಇಳಿಯುತ್ತಿರಲಿಲ್ಲ. ಮೇ ಕೊನೆಯ ಗುಡುಗುಮಳೆ ಆರಿಸಿಕೊಳ್ಳಿ.

ಎಡವುವುದು ಹೆಚ್ಚಾಗಿ ಅಡುಗೆಮನೆಯಲ್ಲಿ, ಮಾಡಿನ ಮೇಲೆ. 1555ರ ಅಜ್ಜಿ ಮೀನುಸಾರಿಗೆ ಕಾಳುಮೆಣಸು ಅರೆಯಲಿ. ಒಣಮೆಣಸು, ಗೇರುತೋಪು ಎರಡೂ ಈ ನೆಲಕ್ಕೆ ಬಂದದ್ದು ಪೋರ್ಚುಗೀಸರ ಜೊತೆಗೆ. ಮಂಗಳೂರು ಹೆಂಚಿನ ಮೇಲೆ ಹುಡುಗಿಯನ್ನು ಓಡಿಸಬೇಡಿ. ಬಾಸೆಲ್ ಮಿಷನ್ನಿನ ಹೆಂಚಿನ ಕಾರ್ಖಾನೆ ಶುರುವಾದದ್ದು 1860ರ ದಶಕದಲ್ಲಿ. ಮುಳಿಹುಲ್ಲಿನ ಮಾಡು ಇರಲಿ. ಅದಕ್ಕೆ ಒಂದು ಕಿಡಿ ಸಾಕು, ಹಾಗಾಗಿ ಅಪಾಯವೂ ತಾನಾಗಿ ಬರುತ್ತದೆ.

ಇನ್ನು ‘ಹುಡುಗಿಯಾದರೂ’ ಎಂಬ ಪದವನ್ನು ಹಸ್ತಪ್ರತಿಯಿಂದಲೇ ಹೊಡೆದುಹಾಕಿ. ಅಳಿಯಸಂತಾನದ ತುಳುನಾಡಿನಲ್ಲಿ ಆಸ್ತಿ, ಮನೆತನ ಹರಿಯುತ್ತಿದ್ದದ್ದು ತಾಯಿಯ ಕಡೆಯಿಂದ. ಅಬ್ಬಕ್ಕನ ಮನೆತನವಾದ ಚೌಟರ ಪಟ್ಟವೂ ಹಾಗೆಯೇ. ಗಂಡುವೇಷ ಹಾಕಿಸಿ ಅವಳನ್ನು ಕಡಲಿಗೆ ಕಳಿಸುವುದು ಬೇರೆ ಊರಿನ ಕಥೆಯಿಂದ ಎರವಲು ತಂದ ತಂತ್ರ. ಇಲ್ಲಿ ಯಜಮಾನಿಕೆ ಸಾಮಾನ್ಯವಾಗಿ ಸೋದರಮಾವನದಾಗಿತ್ತು. ಜಗಳ ಅವನ ಜೊತೆಗಿರಲಿ, ದೋಣಿ ಯಾರದೆಂಬ ಬಗ್ಗೆ ಇರಲಿ.

ರಾಣಿಯ ಚಿತ್ರ ಬೇಕೆಂದರೆ 1623ಕ್ಕೆ ಹೋಗಿ. ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಆ ವರ್ಷ ಉಳ್ಳಾಲದ ರಾಣಿಯನ್ನು ಕಂಡದ್ದು ಸಿಂಹಾಸನದ ಮೇಲಲ್ಲ. ಸೊಂಟಕ್ಕೆ ಸಾದಾ ಬಿಳಿ ಹತ್ತಿಬಟ್ಟೆ ಸುತ್ತಿ, ಬರಿಗಾಲಲ್ಲಿ, ತಾನು ತೋಡಿಸುತ್ತಿದ್ದ ನೀರಿನ ಕಾಲುವೆ ನೋಡಲು ಅವಳು ನಡೆದು ಹೊರಟಿದ್ದಳು. ವಯಸ್ಸು ಸುಮಾರು ನಲವತ್ತು ಎಂದು ಅವನ ಅಂದಾಜು. ಹಾಗಿದ್ದರೆ 1555ರಲ್ಲಿ ಕಾದಿದವಳೇ ಇವಳಾಗಲು ಹೇಗೆ ಸಾಧ್ಯ? ಇಬ್ಬರನ್ನೂ ಒಬ್ಬಳಾಗಿಸುವ ಆಸೆ ಬಿಟ್ಟು, ಒಂದು ಕಾಲ ಹಿಡಿಯಿರಿ. ನನಗಂತೂ ಕಾಲುವೆಯ ದಡದ ಆ ರಾಣಿ ಕುದುರೆಯ ಮೇಲಿನ ಯಾವ ಪ್ರತಿಮೆಗಿಂತಲೂ ದೊಡ್ಡವಳು.

ಮಾತಿನಲ್ಲಿ ಸ್ವಲ್ಪ ತುಳು ಉಳಿಯಲಿ. ಹುಡುಗಿ ತಾಯಿಯನ್ನು ‘ಅಪ್ಪೆ’, ತಂದೆಯನ್ನು ‘ಅಮ್ಮೆ’ ಎನ್ನಲಿ. ಘಟ್ಟದ ಮೇಲಿನ ಮಕ್ಕಳು ಮೊದಲ ಪುಟದಲ್ಲಿ ಗಲಿಬಿಲಿಯಾಗುತ್ತಾರೆ, ಮೂರನೆಯ ಪುಟಕ್ಕೆ ತಾವೇ ಬಿಡಿಸಿಕೊಳ್ಳುತ್ತಾರೆ. ಅಡಿಟಿಪ್ಪಣಿ ಹಾಕಬೇಡಿ.