ಚೀಲದ ಬಾಯಿ ನೋಡಿ ಗೊಬ್ಬರ ತಗೋಬೇಡಿ

ಇವತ್ತು ಬೆಳಿಗ್ಗೆ ಏಳು ಗಂಟೆ, ಜಯನಗರದ ಒಂದು ಅಡ್ಡರಸ್ತೆ. ಲಗೇಜ್ ಆಟೋ ತುಂಬ ಗೊಬ್ಬರದ ಚೀಲ. "ಅಮ್ಮಾ, ಒಂದು ವರ್ಷದ ಹಳೇ ಕೊಟ್ಟಿಗೆ ಗೊಬ್ಬರ" ಅಂತ ಗಾಡಿಯವನು ವಯಸ್ಸಾದ ಒಬ್ಬರಿಗೆ ಮೂರು ಚೀಲ ಇಳಿಸಿದ. ಚೀಲದ ಬಾಯಲ್ಲಿ ಕಾಫಿಪುಡಿ ಥರ ಉದುರುದುರು ಗೊಬ್ಬರ. ಅವರು ಅದನ್ನಷ್ಟೇ ಮುಟ್ಟಿ ನೋಡಿ ದುಡ್ಡು ಕೊಟ್ರು. ಕುಂಡಗಳ ಪಕ್ಕ ಸುರಿದಾಗ ಒಳಗಿಂದ ಬಿದ್ದಿದ್ದು ಹಸಿ ಸಗಣಿ ಉಂಡೆ. ಈ ಮಾಗಿ ಚಳಿಯಲ್ಲಿ ಅದರಿಂದ ಹಬೆ ಏಳ್ತಿತ್ತು. ಒಂದು ವರ್ಷದ ಗೊಬ್ಬರದಲ್ಲಿ ಹಬೆ!

ಹೊಟ್ಟೆ ಉರೀತು. ತಾರಸಿ ಮೇಲೆ ನಾಲ್ಕು ಗಿಡ ಬೆಳೆಸೋ ಆಸೆ ಇರೋ ಜನಕ್ಕೆ ಹೀಗೆ ಮೋಸ ಮಾಡೋದು ತಪ್ಪು, ದೊಡ್ಡ ತಪ್ಪು.

ಕೊಟ್ಟಿಗೆಯಿಂದ ಬಂದಿದ್ದೆಲ್ಲ ಕೊಟ್ಟಿಗೆ ಗೊಬ್ಬರ ಅಲ್ಲ. ಸಗಣಿ, ಗಂಜಲ, ದನ ತಿಂದು ಬಿಟ್ಟ ಹುಲ್ಲು ಮೂರೂ ತಿಪ್ಪೆಯಲ್ಲಿ ಸೇರಿ, ಬಿಸಿಯೇರಿ, ಆಮೇಲೆ ಆರಿ, ನಾಲ್ಕರಿಂದ ಆರು ತಿಂಗಳು ಕಳಿತ ಮೇಲೆ ಅದು ಗೊಬ್ಬರ. ಅಲ್ಲಿವರೆಗೆ ಸಗಣಿ, ಅಷ್ಟೇ. ಹಸಿ ಸಗಣಿ ತೂಕದಲ್ಲಿ ಹೆಚ್ಚುಕಡಿಮೆ ಶೇ. 80 ನೀರು. 30 ಕೆಜಿ ಚೀಲ ತಂದ್ರೆ 24 ಕೆಜಿ ನೀರಿಗೇ ದುಡ್ಡು ಕೊಟ್ಟ ಹಾಗೆ.

ದುಡ್ಡು ಹಾಳಾಗ್ಲಿ, ಗಿಡ ಹೋಗುತ್ತಲ್ಲ. ಹಸಿ ಸಗಣಿ ಕುಂಡದೊಳಗೆ ಕೊಳೆಯೋಕೆ ಶುರುವಾದ್ರೆ ಬೇರಿಗೆ ಸಿಗಬೇಕಾದ ಗಾಳಿಯನ್ನ ಸೂಕ್ಷ್ಮಜೀವಿಗಳೇ ಮುಗಿಸಿಬಿಡ್ತವೆ. ಅಮೋನಿಯಾ ಎದ್ದು ಎಳೆ ಬೇರಿನ ತುದಿ ಸುಡುತ್ತೆ. ಒಳಗೆ ಹುಲ್ಲು, ಮರದ ಹೊಟ್ಟು ಜಾಸ್ತಿ ಇದ್ರೆ ಇನ್ನೊಂದು ತೊಂದರೆ. ಅದನ್ನ ಕರಗಿಸೋಕೆ ಆ ಸೂಕ್ಷ್ಮಜೀವಿಗಳು ಮಣ್ಣಲ್ಲಿರೋ ಸಾರಜನಕವನ್ನೂ ಎಳ್ಕೊಳ್ತವೆ, ಕೆಳಗಿನ ಎಲೆ ಹಳದಿಯಾಗುತ್ತೆ. ಗೊಬ್ಬರ ಸಾಲದೇನೋ ಅಂದ್ಕೊಂಡು ಜನ ಅದನ್ನೇ ಇನ್ನೆರಡು ಹಿಡಿ ಹಾಕ್ತಾರೆ. ಅಲ್ಲಿಗೆ ಗಿಡದ ಕಥೆ ಮುಗೀತು.

ಅದಕ್ಕೇ ಹೇಳೋದು, ಚೀಲ ಪೂರ್ತಿ ಬಿಚ್ಚಿಸಿ, ನಡುಮಧ್ಯಕ್ಕೆ ಕೈ ಇಳಿಸಿ. ಒಳಗೆ ಬೆಚ್ಚಗಿದ್ರೆ ಇನ್ನೂ ಕಳಿತಾ ಇದೆ ಅಂತ ಅರ್ಥ, ಬೇಡ ಅನ್ನಿ. ಒಂದು ಹಿಡಿ ತೆಗೆದು ಬಿಗಿಯಾಗಿ ಹಿಂಡಿ. ಬೆರಳ ಸಂದಿಯಿಂದ ನೀರು ಇಳೀಬಾರದು. ಮುಷ್ಟಿ ಬಿಚ್ಚಿದಾಗ ಉಂಡೆ ನಿಲ್ಲಬೇಕು, ಬೆರಳಲ್ಲಿ ತಟ್ಟಿದ ತಕ್ಷಣ ಪುಡಿಯಾಗಬೇಕು. ಮೂಸಿ ನೋಡಿ. ಮೊದಲ ಮಳೆ ಬಿದ್ದ ಮಣ್ಣಿನ ವಾಸನೆ ಬಂದ್ರೆ ಸರಿ. ಮೂಗಿಗೆ ಚುಚ್ಚಿದ್ರೆ, ಹುಳಿ ವಾಸನೆ ಬಂದ್ರೆ, ಕೊಳೆತ ಮೊಟ್ಟೆ ನಾತ ಬಂದ್ರೆ ಚೀಲ ಗಾಡಿಗೇ ವಾಪಸ್. ಸಿಮೆಂಟ್ ಚೀಲದಷ್ಟು ಒಳ್ಳೇ ಗೊಬ್ಬರ 20-25 ಕೆಜಿ ತೂಗುತ್ತೆ. ಒಬ್ಬರ ಕೈಲಿ ಎತ್ತೋಕೆ ಆಗದಷ್ಟು ಭಾರ ಇದ್ರೆ ಅದರಲ್ಲಿ ನೀರಿದೆ, ಇಲ್ಲಾ ಮಣ್ಣಿದೆ.

ಮಣ್ಣಿನ ಮಾತು ಎರೆಗೊಬ್ಬರಕ್ಕೇ ಜಾಸ್ತಿ ಅನ್ವಯಿಸುತ್ತೆ. ಕೆರೆಗೋಡು, ಅಂದ್ರೆ ಕೆರೆ ತಳದ ಹೂಳುಮಣ್ಣು ಬೆರೆಸಿದ್ರೆ ಬಣ್ಣದಲ್ಲಿ ಗೊತ್ತಾಗೋದೇ ಇಲ್ಲ. ಗಾಜಿನ ಲೋಟದ ನೀರಿಗೆ ಎರಡು ಚಮಚ ಹಾಕಿ ಕಲಕಿ, ಹತ್ತು ನಿಮಿಷ ಬಿಡಿ. ಮರಳು, ಮಣ್ಣು ಮೊದಲು ಇಳಿದು ತಳದಲ್ಲಿ ಬೇರೆ ಪದರವಾಗಿ ನಿಲ್ಲುತ್ತೆ. ಆ ಪದರ ದಪ್ಪ ಇದ್ದಷ್ಟೂ ಮೋಸ ಹೆಚ್ಚು. ಒಳ್ಳೇ ಎರೆಗೊಬ್ಬರ ಟೀ ಪುಡಿ ಥರ ಕಾಳುಕಾಳಾಗಿ, ಸ್ವಲ್ಪ ತೇವವಾಗಿರುತ್ತೆ. 1985ರ ರಸಗೊಬ್ಬರ ನಿಯಂತ್ರಣ ಆದೇಶದಲ್ಲಿ ಇದಕ್ಕೆ ಶೇ. 15ರಿಂದ 25 ತೇವಾಂಶ ಇರಬೇಕು ಅಂತಿದೆ. ಬಿಸಿಲಲ್ಲಿಟ್ಟು ಧೂಳಾದ ಚೀಲ ಬೇಡ, ಒಳಗಿನ ಸೂಕ್ಷ್ಮಜೀವಿ ಎಷ್ಟೋ ಸತ್ತಿರುತ್ತೆ. ಹಸಿ ಕಸದಿಂದ ಮಾಡಿದ ಕಾಂಪೋಸ್ಟ್ ಆದ್ರೆ ಜರಡಿ ಹಿಡಿದೇ ಬಳಸಿ, ಗಾಜಿನ ಚೂರು, ಮಾತ್ರೆ ಪಟ್ಟಿ ಸಿಗ್ತವೆ.

ಹಳ್ಳೀಲಿ ಹೊಲಕ್ಕೆ ಅರೆಕಳಿತ ಗೊಬ್ಬರ ಹೊಡೀತಾರಲ್ಲ ಅಂತ ಕೇಳ್ತಾರೆ. ಹೌದು, ಬಿತ್ತನೆಗೆ ವಾರಗಟ್ಟಲೆ ಮುಂಚೆ ಹೊಡೆದು, ಉತ್ತು, ಮಳೆ ಬೀಳೋಕೆ ಬಿಡ್ತಾರೆ. ಅಲ್ಲಿ ಎಕರೆಗಟ್ಟಲೆ ಮಣ್ಣಿದೆ. 12 ಇಂಚಿನ ಕುಂಡದಲ್ಲಿ ಬೇರು ತಪ್ಪಿಸಿಕೊಂಡು ಎಲ್ಲಿಗೆ ಹೋಗಬೇಕು? ಒಣಗಿಸಿ ಹಾಕಿದ್ರೆ ಆಯ್ತು ಅನ್ನೋರಿಗೂ ಒಂದು ಮಾತು. ಸಗಣಿ ಒಣಗಿದ್ರೆ ಬೆರಣಿ ಆಗುತ್ತೆ, ಗೊಬ್ಬರ ಆಗಲ್ಲ. ನೀರು ಬಿದ್ದ ದಿನ ಮತ್ತೆ ಕೊಳೆಯೋಕೆ ಶುರು.

ಅನುಮಾನ ಇದ್ರೆ ಒಂದು ಚೀಲ ಮಾತ್ರ ತಂದು ಪರೀಕ್ಷೆ ಮಾಡಿ. ಅರ್ಧ ಗೊಬ್ಬರ, ಅರ್ಧ ಕೆಮ್ಮಣ್ಣು ಬೆರೆಸಿ ಒಂದು ಲೋಟಕ್ಕೆ, ಬರೀ ಕೆಮ್ಮಣ್ಣು ಇನ್ನೊಂದಕ್ಕೆ. ಎರಡರಲ್ಲೂ ಹತ್ತತ್ತು ಮೆಂತ್ಯ ಕಾಳು. ಐದನೇ ದಿನ ಎಣಿಸಿ. ಮಣ್ಣಲ್ಲಿ ಎಂಟು ಹುಟ್ಟಿ ಗೊಬ್ಬರದಲ್ಲಿ ಮೂರೇ ಹುಟ್ಟಿದ್ರೆ, ಹುಟ್ಟಿದ್ದರ ಬೇರು ಕಂದಾಗಿದ್ರೆ, ಆ ಗೊಬ್ಬರ ಇನ್ನೂ ಹಸಿ.

ಕಳಿತ ಗೊಬ್ಬರವನ್ನೂ ಹಾಳೆ ಮೇಲೆ ಹರಡಿ ಕೆದಕಿ ನೋಡಿ. ಬಿಳೀ ಮೈ, ಕಂದು ತಲೆ, ಅರ್ಧ ಬಳೆ ಥರ ಮುದುರಿರೋ ಗೊಣ್ಣೆ ಹುಳು ಇದ್ರೆ ಆರಿಸಿ ತೆಗೀರಿ, ಕುಂಡ ಸೇರಿದ್ರೆ ಬೇರಿಗೂ ಬಾಯಿ ಹಾಕುತ್ತೆ. ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಗೊಬ್ಬರ, ಒಂದು ಪಾಲು ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಕುಂಡಕ್ಕೊಂದು ಹಿಡಿ ಬೇವಿನ ಹಿಂಡಿ, ಇಷ್ಟು ಸಾಕು.

ಆಗಲೇ ಹಸಿ ಸಗಣಿ ಮನೆಗೆ ಬಂದುಬಿಟ್ಟಿದ್ರೆ ಬಿಸಾಡಬೇಡಿ. ಈಗ ರಸ್ತೆ ತುಂಬ ಒಣ ಎಲೆ ಉದುರ್ತಿದೆ. ಅಷ್ಟೇ ಪ್ರಮಾಣದ ಎಲೆ ಬೆರೆಸಿ ನೆರಳಲ್ಲಿ ಗುಡ್ಡೆ ಹಾಕಿ, ಗೋಣಿ ಮುಚ್ಚಿ, ವಾರಕ್ಕೊಮ್ಮೆ ತಿರುವಿ ಹಾಕಿ, ಒಣಗಿದ್ರೆ ನೀರು ಚಿಮುಕಿಸಿ. ಎರಡು ಮೂರು ತಿಂಗಳಾದ ಮೇಲೆ ಮತ್ತೆ ನಡುವಿಗೆ ಕೈ ಹಾಕಿ ನೋಡಿ. ಒಳಗೆ ತಣ್ಣಗಾಗೋವರೆಗೂ ಗುಲಾಬಿ ಬುಡಕ್ಕೆ ಅದರಲ್ಲಿ ಒಂದು ಹಿಡಿಯೂ ಬೇಡ.