ನುಂಗಿದೋರೇ ಮಾಡೋ ತಿಥಿ

ಅಪ್ಪ ಅಮೆರಿಕಾಗೆ ಬಂದಿದ್ದಾಗ ಒಂದಿನ ಶಾರ್ಲಟ್ ಏರ್‌ಪೋರ್ಟಲ್ಲಿ ಗಾಜಿನ ಪಕ್ಕ ಕೂತು ಬುತ್ತಿ ಬಿಚ್ಚಿದ್ವಿ, ಚಪಾತಿ ಚಟ್ನಿಪುಡಿ, ಒಂದು ತುತ್ತು ಬಾಯಿಗೆ ಹೋಗಿತ್ತೋ ಇಲ್ವೋ ಅಪ್ಪ ಚಡಪಡಿಸೋಕೆ ಶುರು ಮಾಡಿದ್ರು. "ಲೋ, ನಮ್ಮ ಟಿಕೆಟಲ್ಲಿ ಅಮೆರಿಕನ್ ಏರ್‌ಲೈನ್ಸ್ ಅಂತಿದೆ, ಹೊರಗೆ ನಿಂತಿರೋ ವಿಮಾನದ ಮೇಲೆ ಪೀಡ್‌ಮಾಂಟ್ ಅಂತ ಬರ್ದಿದೆಯಲ್ಲೋ, ಗೇಟು ಸರಿಯಾಗಿ ನೋಡಿದ್ಯಾ?" ಇದೇ ಗೇಟು ಅಪ್ಪ, ಪೀಡ್‌ಮಾಂಟ್ ಅನ್ನೋ ಕಂಪನಿ 1989ರಲ್ಲೇ ಮುಗಿದೋಯ್ತು, ಇವರು ಅದರ ನೆನಪಿಗೆ ಹಳೇ ಪೇಂಟ್ ಹೊಡೆದಿದಾರೆ, ಗೌರವ ಅಂತೆ ಅಂದೆ. ಚಪಾತಿ ಕೈಯಲ್ಲೇ ಹಿಡ್ಕೊಂಡು ಕೇಳಿದ್ರು, "ಮುಗಿದೋಯ್ತು ಅಂದ್ರೆ? ಮುಗಿಸಿದ್ದು ಯಾರು?"

ಅಪ್ಪ ತಾಲ್ಲೂಕು ಆಫೀಸಲ್ಲಿ ಮೂವತ್ತು ವರ್ಷ ಪಹಣಿ, ಖಾತೆ ಬದಲಾವಣೆ ನೋಡಿದೋರು, ಅವರಿಗೆ ಹಂಗೆಲ್ಲ ಮೇಲ್ಮೇಲೆ ಹೇಳಿ ತಪ್ಪಿಸ್ಕೊಳೋಕಾಗಲ್ಲ, ಮೂಲದಾಖಲೆ ಬೇಕು. ಸರಿ ಅಂತ ಶುರು ಮಾಡಿದೆ. ಅಲಿಗೇನಿ ಅಂತ ಒಂದು ಏರ್‌ಲೈನ್ ಇತ್ತು, ಜನ ಅದನ್ನ ಪ್ರೀತಿಯಿಂದ ಅಗೊನಿ ಏರ್‌ಲೈನ್ಸ್ ಅಂತಿದ್ರು, ಅಗೊನಿ ಅಂದ್ರೆ ನರಳಾಟ. 1979ರಲ್ಲಿ ಅದು ಹೆಸರು ಬದಲಾಯಿಸ್ಕೊಂಡು ಯುಎಸ್‌ಏರ್ ಆಯ್ತು. ಯುಎಸ್‌ಏರು ಪಿಎಸ್ಎನ ನುಂಗ್ತು, ಪೀಡ್‌ಮಾಂಟನ್ನ ನುಂಗ್ತು, ಆಮೇಲೆ ಯುಎಸ್ ಏರ್‌ವೇಸ್ ಅಂತ ಕರ್ಕೊಳ್ತು, ಎರಡು ಸಲ ದಿವಾಳಿ ಆಯ್ತು. 2005ರಲ್ಲಿ ಅರಿಜೋನಾದ ಅಮೆರಿಕಾ ವೆಸ್ಟ್ ಬಂದು ಅದನ್ನ ತಗೊಂಡು ತನ್ನ ಹೆಸರು ಬಿಟ್ಟು ಯುಎಸ್ ಏರ್‌ವೇಸ್ ಅಂತಲೇ ಇಟ್ಕೊಳ್ತು. 2013ರಲ್ಲಿ ಅದೇ ಮ್ಯಾನೇಜ್‌ಮೆಂಟು, ಅದೇ ಬಾಸ್ ಡಗ್ ಪಾರ್ಕರ್, ದಿವಾಳಿ ಕೋರ್ಟಲ್ಲಿದ್ದ ಅಮೆರಿಕನ್ ಏರ್‌ಲೈನ್ಸ್ ಜೊತೆ ಸೇರಿ ಈ ಸಲ ಯುಎಸ್ ಏರ್‌ವೇಸ್ ಅನ್ನೋ ಹೆಸರನ್ನೂ ಬಿಟ್ಟು ಅಮೆರಿಕನ್ ಆಗೋದ್ರು.

"ಅಂದ್ರೆ ಮನೆ ಅಳಿಯ" ಅಂದ್ರು ಅಪ್ಪ. "ಎರಡು ಸಲ."

ಈಗ ಈ ಮನೆ ಅಳಿಯ ಏನ್ ಮಾಡಿದಾನೆ ಅಂದ್ರೆ, ತಿಂದ ಎಷ್ಟೋ ಜನರ ಫೋಟೋಗೆ ಹಾರ ಹಾಕಿದಾನೆ. ಅಲಿಗೇನಿಗೊಂದು ವಿಮಾನ, ಪೀಡ್‌ಮಾಂಟಿಗೊಂದು, ಪಿಎಸ್ಎಗೊಂದು, ಅಮೆರಿಕಾ ವೆಸ್ಟಿಗೊಂದು, ಯುಎಸ್ ಏರ್‌ವೇಸಿಗೊಂದು, ಅಮೆರಿಕನ್ ಹಿಂದೆ ತಾನೇ ನುಂಗಿದ್ದ ರೀನೋ ಏರ್, ಏರ್‌ಕ್ಯಾಲ್, ಟಿಡಬ್ಲ್ಯೂಎಗೂ ಒಂದೊಂದು. ನರಳಾಟದ ಏರ್‌ಲೈನ್‌ಗೂ ಗೌರವ ನೋಡಿ, ಬದುಕಿದ್ದಾಗ ಬೈಸ್ಕೊಂಡೋರು ಸತ್ತ ಮೇಲೆ ಪುಣ್ಯಾತ್ಮರಾಗೋದು ನಮ್ಮೂರಲ್ಲಿ ಮಾತ್ರ ಅನ್ಕೊಂಡಿದ್ದೆ.

ಇದ್ರಲ್ಲಿ ಪಿಎಸ್ಎ ಕತೆ ನಂಗೆ ಭಾರೀ ಇಷ್ಟ. ಕ್ಯಾಲಿಫೋರ್ನಿಯಾದ ಕಂಪನಿ, ಅವರ ವಿಮಾನದ ಮೂತಿ ಮೇಲೆ ಕಪ್ಪು ಗೆರೆಯಲ್ಲಿ ಒಂದು ನಗು ಬರೀತಿದ್ರು, ನಮ್ಮೂರ ಬಸ್ಸಿನ ಮುಂದೆ ನಿಂಬೆಹಣ್ಣು ಕಟ್ಟಿದಂಗೆ ಅದೇ ಅವರ ಗುರುತು. 1988ರಲ್ಲಿ ಯುಎಸ್‌ಏರ್ ಜೊತೆ ವಿಲೀನ ಮುಗೀತು, ಅಷ್ಟೂ ವಿಮಾನದ ನಗು ಅಳಿಸಿ ತಮ್ಮ ಬಣ್ಣ ಬಳಿದ್ರು. ಹದಿನೆಂಟೋ ಇಪ್ಪತ್ತೋ ವರ್ಷ ಆದ್ಮೇಲೆ ಅದೇ ವಂಶದೋರು ಒಂದೇ ಒಂದು ವಿಮಾನ ಹಿಡಿದು ಅದರ ಮೂತಿಗೆ ಮತ್ತೆ ನಗು ಬರೆದ್ರು. ಜನ ಕ್ಯಾಮೆರಾ ಹಿಡ್ಕೊಂಡು ಬೇಲಿ ಪಕ್ಕ ನಿಂತು ಭಾವುಕರಾದ್ರು, ಅದನ್ನ ನೋಡಿ ನಾನೂ ಸ್ವಲ್ಪ ಆದೆ, ಸುಳ್ಳು ಯಾಕೆ ಹೇಳ್ಲಿ.

ಹೆಸರನ್ನೂ ಸುಮ್ನೆ ಬಿಟ್ಟಿಲ್ಲ. ಹೆನ್ಸನ್ ಅನ್ನೋ ತಮ್ಮದೇ ಸಣ್ಣ ಕಂಪನಿಗೆ ಪೀಡ್‌ಮಾಂಟ್ ಅಂತಲೂ, ಜೆಟ್‌ಸ್ಟ್ರೀಮ್ ಅನ್ನೋದಕ್ಕೆ 1995ರಲ್ಲಿ ಪಿಎಸ್ಎ ಅಂತಲೂ ಮರುನಾಮಕರಣ ಮಾಡಿದ್ರು, ಯಾಕಂದ್ರೆ ಹೆಸರು ಬಳಸದೆ ಬಿಟ್ರೆ ಬೇರೆ ಯಾರಾದ್ರೂ ಎತ್ತಾಕೊಂಡೋಗ್ತಾರೆ. ಅಪ್ಪಂಗೆ ಇದು ತಕ್ಷಣ ಅರ್ಥ ಆಯ್ತು, ಖಾಲಿ ಸೈಟಿಗೆ ನಾಲ್ಕು ಕಲ್ಲು ನೆಟ್ಟು ತಂತಿಬೇಲಿ ಹಾಕೋದು ಅಷ್ಟೇ ತಾನೇ ಅಂದ್ರು. ನಮ್ಮಲ್ಲೂ ತಾತ ಸತ್ರೆ ಮೊಮ್ಮಗನಿಗೆ ಅದೇ ಹೆಸರಿಡ್ತೀವಿ, ಆದ್ರೆ ತಾತನ ಕತ್ತು ಹಿಸುಕಿದೋನು ಬಂದು ತೊಟ್ಟಿಲು ತೂಗಲ್ಲ.

ಟಿಡಬ್ಲ್ಯೂಎ ವಿಷಯಕ್ಕೆ ಬಂದ್ರೆ ನಗು ನಿಲ್ಲುತ್ತೆ. 2001ರಲ್ಲಿ ಅಮೆರಿಕನ್ ಅದನ್ನ ಕೊಂಡ್ಕೊಂಡಾಗ ಟಿಡಬ್ಲ್ಯೂಎ ಗಗನಸಖಿಯರನ್ನ ಸೀನಿಯಾರಿಟಿ ಲಿಸ್ಟಿನ ತಳಕ್ಕೆ ಹಾಕಿದ್ರು. ಮೂವತ್ತು ವರ್ಷ ಸರ್ವೀಸ್ ಆದೋರು ನಿನ್ನೆ ಸೇರಿದ ಹುಡುಗಿಗಿಂತ ಕೆಳಗೆ. ಕೆಲಸ ಕಡಿತ ಅಂತ ಬಂದಾಗ ಕತ್ತರಿ ಬೀಳೋದು ತಳದಿಂದ ತಾನೇ, 2003ರ ಮಧ್ಯಕ್ಕೆ ಹೆಚ್ಚುಕಮ್ಮಿ 4,000 ಜನ, ಅಂದ್ರೆ ಅಲ್ಲಿಂದ ಬಂದಿದ್ದ ಗಗನಸಖಿಯರು ಪೂರ್ತಿ, ಮನೆಗೆ. ಎಷ್ಟೋ ವರ್ಷ ಆದ್ಮೇಲೆ ಕೆಲವರನ್ನ ವಾಪಸ್ ಕರೆದ್ರು ಅನ್ನಿ. ಸೇಂಟ್ ಲೂಯಿಸ್‌ನಲ್ಲಿದ್ದ ಟಿಡಬ್ಲ್ಯೂಎ ಹಬ್, ಅಂದ್ರೆ ಮುಖ್ಯ ಅಡ್ಡೆಯ ಫ್ಲೈಟುಗಳೂ ಅದೇ ವರ್ಷ ಅರ್ಧಕ್ಕರ್ಧ ಇಳಿದ್ವು. ಇಷ್ಟೆಲ್ಲ ಆಗಿ 2015ರಲ್ಲಿ ಒಂದು ಹೊಸ 737 ವಿಮಾನ ತರಿಸಿ ಅದಕ್ಕೆ ಟಿಡಬ್ಲ್ಯೂಎ ಬಣ್ಣ ಬಳಿಸಿದ್ರು. ಮನುಷ್ಯರಿಗೆ ಸೀನಿಯಾರಿಟಿ ಕೊಡಕ್ಕಾಗ್ಲಿಲ್ಲ, ಪೇಂಟಿಗೆ ಕೊಟ್ರು.

ಇಂಗ್ಲೆಂಡಿನೋರು ಇನ್ನೂ ನಾಜೂಕು. 2019ರಲ್ಲಿ ಬ್ರಿಟಿಷ್ ಏರ್‌ವೇಸ್ ತನ್ನ ನೂರು ವರ್ಷದ ಹಬ್ಬಕ್ಕೆ ನಾಲ್ಕು ವಿಮಾನಕ್ಕೆ ಹಳೇ ವೇಷ ಹಾಕಿಸ್ತು, ಒಂದಕ್ಕೆ ಬಿಒಎಸಿ, ಒಂದಕ್ಕೆ ಬಿಇಎ (ಈ ಎರಡು ಕಂಪನಿ ಸೇರಿಯೇ ಬ್ರಿಟಿಷ್ ಏರ್‌ವೇಸ್ ಆಗಿದ್ದು), ಇನ್ನೆರಡಕ್ಕೆ ತನ್ನದೇ ಹಳೇ ಬಣ್ಣ. ಬಿಇಎ ವೇಷದ ಪುಟ್ಟ ಏರ್‌ಬಸ್ಸು ಓಡಾಡ್ತಿದ್ದಿದ್ದು ಹತ್ತಿರದ ಊರುಗಳಿಗೆ, ಆ ರೂಟಲ್ಲಿ ಎಕಾನಮಿಯೋರಿಗೆ ಪುಕ್ಕಟೆ ಊಟ ನಿಲ್ಲಿಸಿ ಆಗ್ಲೇ ಎರಡು ವರ್ಷ ಆಗಿತ್ತು. ಹೊರಗೆ ಹಳೇ ಕಾಲ, ಒಳಗೆ ಸ್ಯಾಂಡ್‌ವಿಚ್ಚಿಗೆ ಕಾರ್ಡ್ ಉಜ್ಜಿ. 2020ರಲ್ಲಿ ಕೊರೊನಾ ಬಂತು, ಅಷ್ಟೂ 747 ಜಂಬೋ ವಿಮಾನಗಳಿಗೆ ನಿವೃತ್ತಿ, ಆ ವೇಷದ ಜಂಬೋಗಳಲ್ಲಿ ಒಂದು ಒಂದು ಪೌಂಡಿಗೆ ಮಾರಾಟ ಆಗಿ ಈಗ ಪಾರ್ಟಿ ಹಾಲ್ ಆಗಿದೆ. ಗೌರವ ಸಲ್ಲಿಸಿದ ಕೆಲವೇ ವರ್ಷಕ್ಕೆ ಗೌರವಕ್ಕೇ ಛತ್ರ.

ಒಬ್ಬರಾದ್ರೂ ಹಳೇ ಕಾಲನ ಒಳಗೂ ತರ್ತಾರಾ ಅಂತ ಕಾದಿದೀನಿ. ಮಂಡಿ ಮುಂದಿನ ಸೀಟಿಗೆ ತಾಗದಷ್ಟು ಜಾಗ, ಪಿಂಗಾಣಿ ತಟ್ಟೆಯಲ್ಲಿ ಊಟ, ಸೂಟ್‌ಕೇಸಿಗೆ ಬೇರೆ ದುಡ್ಡು ಕೇಳದೆ ಇರೋದು. ಪೇಂಟ್ ಡಬ್ಬದಲ್ಲಿ ಅದೆಲ್ಲ ಬರಲ್ಲ ಕಣ್ರೀ. ಮದುವೆ ಮನೆ ಮುಂದೆ ಬಾಳೆಕಂಬ ನೆಟ್ಟು, ಒಳಗೆ ಊಟಕ್ಕೆ ಟೋಕನ್ ಮಾರಿದಂಗಿದೆ.

ನಮ್ಮ ಕಡೆ ಈ ಚಾಳಿ ಇನ್ನೂ ಅಷ್ಟು ಹತ್ತಿಲ್ಲ, ನಮ್ಮೋರು ಸತ್ತೋರನ್ನ ಬೇರೆ ಥರ ಹುಡುಕ್ತಾರೆ. 2024ರ ನವೆಂಬರಲ್ಲಿ ವಿಸ್ತಾರಾ ಏರ್ ಇಂಡಿಯಾದಲ್ಲಿ ಸೇರಿಹೋದ್ಮೇಲೆ ಅದರ ಫ್ಲೈಟ್ ನಂಬರುಗಳೆಲ್ಲ 2ರಿಂದ ಶುರುವಾಗೋ ಹಂಗೆ ಮಾಡಿದ್ರು, ಜನ ಬುಕಿಂಗ್ ಮಾಡುವಾಗ ಆ ಎರಡನ್ನೇ ಹುಡುಕಿ ಹುಡುಕಿ ಹತ್ತಿದ್ರು. ಒಂದು ತೊಟ್ಟು ಪೇಂಟ್ ಖರ್ಚಿಲ್ಲ.

"ನಮ್ಮ ಡೆಕ್ಕನ್‌ಗೆ ಯಾರೂ ಪೇಂಟ್ ಹೊಡೀಲಿಲ್ವಾ?" ಅಂತ ಅಪ್ಪ ಕೇಳಿದ್ರು. ಅಪ್ಪ ಮೊದಲ ಸಲ ವಿಮಾನ ಹತ್ತಿದ್ದೇ ಏರ್ ಡೆಕ್ಕನ್ನಲ್ಲಿ, ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಶುರು ಮಾಡಿದ್ದು, ಒಂದು ರೂಪಾಯಿ ಟಿಕೆಟ್ ಕೊಟ್ಟಿದ್ದು, ಆರ್.ಕೆ. ಲಕ್ಷ್ಮಣರ ಶ್ರೀಸಾಮಾನ್ಯನ್ನ ಗುರುತು ಮಾಡ್ಕೊಂಡಿದ್ದು. ಯಾರ್ ಹೊಡೀತಾರಪ್ಪ ಅಂದೆ. ಕಿಂಗ್‌ಫಿಷರ್ ಅದನ್ನ ನುಂಗ್ತು, ಆಗ ವಿದೇಶಕ್ಕೆ ಹಾರ್ಬೇಕಂದ್ರೆ ಕಂಪನಿಗೆ ಐದು ವರ್ಷ ಆಗಿರ್ಬೇಕಿತ್ತು, ಕಿಂಗ್‌ಫಿಷರ್ 2005ರ ಕೂಸು, ಡೆಕ್ಕನ್ 2003ರದ್ದು, ಹಂಗಾಗಿ ಡೆಕ್ಕನ್ ವಯಸ್ಸು ಹಾಕ್ಕೊಂಡು 2008ರಲ್ಲಿ ಬೆಂಗಳೂರಿಂದ ಲಂಡನ್‌ಗೆ ಹಾರ್ತು. ಶ್ರೀಸಾಮಾನ್ಯ ಇಳಿದ, ಮೀನಿನ ಹಕ್ಕಿ ಕೂತ್ಕೊಳ್ತು, 2012ರಲ್ಲಿ ಸಂಬಳ ಇಲ್ದೆ ಅದೂ ನೆಲಕ್ಕೆ ಬಿತ್ತು. ತಿಥಿ ಮಾಡ್ಬೇಕಾದೋರೇ ತೀರ್ಕೊಂಡ್ರೆ ಎಳ್ಳುನೀರು ಬಿಡೋರು ಯಾರು? ಲೆಕ್ಕದಲ್ಲಿ ನೋಡಿದ್ರೆ ವಾರಸುದಾರರು ಅಂತ ಉಳ್ಕೊಂಡಿದ್ದು ಸಾಲ ಕೊಟ್ಟ ಬ್ಯಾಂಕುಗಳು, ಎಸ್‌ಬಿಐ ಮುಂದೆ, ಮಿಕ್ಕೋರು ಹಿಂದೆ, ಅವರೇ ಮನಸ್ಸು ಮಾಡಿ ಎಟಿಎಂಗೆ ದುಡ್ಡು ತುಂಬೋ ವ್ಯಾನ್ ಮೇಲೆ ಶ್ರೀಸಾಮಾನ್ಯನ್ನ ಬರೆಸ್ಬೇಕು ಅಷ್ಟೇ.

ಅಪ್ಪ ಪರ್ಸ್ ತೆಗೆದು, ಎಲ್‌ಐಸಿ ಪ್ಲಾಸ್ಟಿಕ್ ಕವರಿನೊಳಗಿಂದ ಒಂದು ಚೀಟಿ ಹೊರಗೆಳೆದ್ರು. ಡೆಕ್ಕನ್ ಬೋರ್ಡಿಂಗ್ ಪಾಸು, ಬೆಂಗಳೂರಿಂದ ಹುಬ್ಬಳ್ಳಿ, ಅಕ್ಷರ ಮುಕ್ಕಾಲು ಮಾಸಿದೆ. ಸೀಟ್ ನಂಬರ್ ಎಲ್ಲಿ ಅಂತ ಹುಡುಕಿದೆ.

"ನಂಬರ್ ಎಲ್ಲಿತ್ತೋ ಆಗ, ಮೊದಲು ಹತ್ತಿದೋನಿಗೆ ಸೀಟು. ನಾನು ಓಡೋಗಿ ಟವೆಲ್ ಹಾಕ್ದೆ, ಕಿಟಕಿ ಪಕ್ಕದ್ದೇ ಸಿಕ್ತು."