ಆಪರೇಷನ್ ಆತಲ್ಲ, ಇನ್ನೇನ ನೋವು?

ಮನೆಯವರು, ಆಫೀಸಿನವರು, ಬಳಗದವರು ಎಲ್ಲರೂ ಇದನ್ನೇ ಕೇಳುತ್ತಾರೆ. ಕೆಟ್ಟ ಮನಸ್ಸಿನಿಂದ ಕೇಳುವುದಿಲ್ಲ. ಅಪೆಂಡಿಕ್ಸ್ ತೆಗೆದರೆ ಮುಗೀತು, ಇದೂ ಹಾಗೇ ಅಂದುಕೊಂಡಿರುತ್ತಾರೆ. ನನಗೆ ಆಪರೇಷನ್ ಆಗಿದ್ದು ಎಂಡೊಮೆಟ್ರಿಯೋಸಿಸ್‌ಗೆ, ಅದು ಹಾಗಲ್ಲ. ಗರ್ಭಕೋಶದ ಒಳಪದರವನ್ನು ಹೋಲುವ ಅಂಗಾಂಶ ಹೊರಗೆ, ಅಂಡಾಶಯ, ಕರುಳು, ಮೂತ್ರಕೋಶದ ಮೇಲೆಲ್ಲ ಬೆಳೆಯಬಹುದು. ಹೊಟ್ಟೆಗೆ ಸಣ್ಣ ತೂತು ಮಾಡಿ ಕ್ಯಾಮೆರಾ ಇಳಿಸುವ ಲ್ಯಾಪ್ರೋಸ್ಕೋಪಿಯಲ್ಲಿ ಕಂಡಷ್ಟು ತೆಗೆಯುತ್ತಾರೆ. ಕಾಣದ್ದು ಉಳಿಯಬಹುದು, ಹೊಸದೂ ಹುಟ್ಟಬಹುದು. ಮುಟ್ಟಾಗುವ ವಯಸ್ಸಿನವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಇದಿದೆ.

ನನ್ನ ಸಿಟ್ಟು ಡಿಸ್ಚಾರ್ಜ್ ಮಾಡಿದ ದಿನದ ಮೇಲೆ. ಹೊಲಿಗೆ ಒದ್ದೆ ಮಾಡಬೇಡಿ, ಭಾರ ಎತ್ತಬೇಡಿ ಅಂದರು. ನೋವು ಮರಳಬಹುದು ಅಂತ ಒಬ್ಬರೂ ಹೇಳಲಿಲ್ಲ. ಸದ್ಯ ಮಗು ಬೇಡ ಅನ್ನುವವರು ಡೈನೋಜೆಸ್ಟ್‌ನಂಥ ಹಾರ್ಮೋನ್ ಮಾತ್ರೆ ಮುಂದುವರಿಸಿದರೆ ಕಾಯಿಲೆ ಮರುಕಳಿಸುವುದು ಕಡಿಮೆಯಾಗುತ್ತದೆ. ಅದನ್ನೂ ಹೇಳಲಿಲ್ಲ. ಬದಲಿಗೆ ನಮ್ಮವ್ವನಿಗೆ "ಮದುವಿ ಮಾಡ್ರಿ, ಒಂದು ಕೂಸು ಆದ್ರ ಎಲ್ಲಾ ಸರಿ ಹೋಗ್ತದ" ಅಂದು ಕಳಿಸಿದರು. ಬಸುರಿದ್ದಾಗ ಕೆಲವರಿಗೆ ನೋವು ತಗ್ಗಬಹುದು. ಅಷ್ಟಕ್ಕೇ ಮಗುವನ್ನು ಔಷಧಿ ಮಾಡೋದಾ?

ಹೀಗಾಗಿ ಹುಬ್ಬಳ್ಳಿಯ ಕೆಲಸಕ್ಕೆ ಹೋಗುವಾಗ ಚಿಗರಿ ಬಸ್ಸಿನಲ್ಲಿ ಮತ್ತೆ ಸೊಂಟದಿಂದ ತೊಡೆಗೆ ಆ ನೋವು ಇಳಿದಾಗ ನಾನು ಬೆದರಿಹೋದೆ. ಸ್ಕ್ಯಾನಿಂಗ್ ನಾರ್ಮಲ್ ಬಂತು. "ಟೆನ್ಷನ್ ಜಾಸ್ತಿ ಮಾಡ್ಕೋಬ್ಯಾಡ್ರಿ" ಅಂದರು. ಆದರೆ ಆ ಅಂಗಾಂಶದ ಸಣ್ಣ ಚುಕ್ಕೆಗಳು ಸ್ಕ್ಯಾನಿಂಗ್‌ನಲ್ಲಿ ಕಾಣದೇ ಇರಬಹುದು!

ಇನ್ನೊಬ್ಬ ಡಾಕ್ಟರ್ ಮೇಡಂ ಕೂತು ವಿವರಿಸಿದರು. ಮರಳಿದ ನೋವೆಲ್ಲ ಮರಳಿದ ಕಾಯಿಲೆಯಲ್ಲ. ಒಳಗೆ ಒಂದಕ್ಕೊಂದು ಅಂಟಿಕೊಂಡ ಭಾಗಗಳು, ಅಂಥದೇ ಅಂಗಾಂಶ ಗರ್ಭಕೋಶದ ಗೋಡೆಯೊಳಗೇ ಬೆಳೆಯುವ ಅಡಿನೋಮಯೋಸಿಸ್, ವರ್ಷಗಟ್ಟಲೆ ನೋವು ತಡೆದು ಬಿಗಿದ ಕಿಬ್ಬೊಟ್ಟೆ ತಳದ ಸ್ನಾಯುಗಳು, ಯಾವುದೂ ಆಗಿರಬಹುದು. ನನ್ನ ಸ್ನಾಯುಗಳು ಬಿಗಿದಿದ್ದವು. ಈಗ ಹಾರ್ಮೋನ್ ಮಾತ್ರೆ ಜೊತೆ ಫಿಸಿಯೋಥೆರಪಿ ನಡೆದಿದೆ. ಉಸಿರು ಬಿಟ್ಟು ಸಡಿಲಿಸುವುದನ್ನು ಕಲಿಸುತ್ತಾರೆ. ನೋವು ಹೋಗಿಲ್ಲ. ಆದರೆ ಮಲಗಿಸಿಬಿಡುವ ದಿನಗಳು ಕಡಿಮೆಯಾಗಿವೆ. ಬಿಸಿನೀರಿನ ಚೀಲ ಆಫೀಸಿನಲ್ಲೂ ಇಟ್ಟಿದ್ದೇನೆ, ಮುಚ್ಚಿಡುವುದಿಲ್ಲ.

2025ರ ಅಕ್ಟೋಬರ್‌ನಲ್ಲಿ ನಮ್ಮ ರಾಜ್ಯ ಸಂಪುಟ ತಿಂಗಳಿಗೊಂದು ಸಂಬಳ ಸಹಿತ ಮುಟ್ಟಿನ ರಜೆಗೆ ಒಪ್ಪಿತು. ಒಳ್ಳೆಯದೇ. ಆದರೆ ಈ ನೋವು ಮುಟ್ಟಿನ ದಿನ ನೋಡಿಕೊಂಡೇ ಬರುವುದಿಲ್ಲ, ಅಲ್ವಾ?

ನಿಮ್ಮ ಮನೆಯಲ್ಲಿ ಯಾರಾದರೂ ಈ ಆಪರೇಷನ್‌ಗೆ ಹೊರಟಿದ್ದರೆ, ಡಿಸ್ಚಾರ್ಜ್ ಚೀಟಿ ಕೈಗೆ ಬರುವ ಮುಂಚೆ ಡಾಕ್ಟರನ್ನು ಕೇಳಿ: ಏನೇನು ತೆಗೆದಿರಿ, ಏನು ಉಳಿದಿದೆ, ನಾಳೆಯಿಂದ ಯಾವ ಮಾತ್ರೆ, ನೋವು ಮರಳಿದರೆ ಯಾರ ಹತ್ತಿರ ಬರಬೇಕು. ಉತ್ತರ ಬರೆಸಿಕೊಂಡೇ ಎದ್ದು ಬನ್ನಿ.